ಮಕ್ಕಳಿರುವ ಮನೆಗೆ ಎಂಥ ಬಡಾವಣೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹುಡುಕುತ್ತಿರುವವರು, ಈಗಷ್ಟೇ ಮಗುವಾದವರು, ಹಗಲೆಲ್ಲ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ-ಅಜ್ಜಿಯರು ಮಾತಿನ ನಡುವೆಯೋ ಪತ್ರದಲ್ಲೋ ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕೆಂದೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮನೆ ಗೊತ್ತು ಮಾಡುವ ಮೊದಲು

ಮಕ್ಕಳಿರೋರಿಗೆ ಒಳ್ಳೇ ಏರಿಯಾ ಅಂದ್ರೆ ಯಾವುದು? ಸುತ್ತಿಬಳಸದೆ ಹೇಳಿ.

ಮಗು ಗಾಡಿ ಹತ್ತದೆ, ದೊಡ್ಡವರ ಕೈ ಹಿಡಿಯದೆ ತಾನೇ ಹೋಗಿ ಬರಬಹುದಾದ ಜಾಗಗಳು ಎಷ್ಟಿವೆ ಎಂದು ಎಣಿಸಿ. ನನ್ನ ಅಳತೆಗೋಲು ಅದೊಂದೇ. ಮಾರಾಟದ ಕರಪತ್ರಗಳಲ್ಲಿ ಈಜುಕೊಳ, ಕ್ಲಬ್ಬು, ಒಳಾಂಗಣ ಕ್ರೀಡಾಂಗಣ ಎಲ್ಲ ಇರುತ್ತವೆ. ಪ್ರತಿಸಲವೂ ನೀವೇ ಬಿಡುವು ಮಾಡಿಕೊಂಡು ಕರೆದೊಯ್ಯಬೇಕಾದರೆ ಅವು ಮಗುವಿನ ಪಾಲಿಗೆ ಇದ್ದೂ ಇಲ್ಲದ ಹಾಗೆ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಚಪ್ಪಲಿ ಮೆಟ್ಟಿಕೊಂಡು ಗೆಳತಿಯ ಮನೆಗೆ ಹೋಗುತ್ತಾಳೆ, ಅವಳು ಮನೆಯಲ್ಲಿಲ್ಲ ಅಂತ ಗೊತ್ತಾಗಿ ಹಾಗೇ ಮುಂದೆ ನಡೆದು ಲೈಬ್ರರಿಯಲ್ಲಿ ಪುಸ್ತಕ ಬದಲಿಸಿಕೊಂಡು ಮನೆಗೆ ಬರುತ್ತಾಳೆ ಅನ್ನಿ. ಇಷ್ಟು ನಡೆಯುವ ಬೀದಿಯಲ್ಲಿ ಒಂದು ಕೋಣೆ ಕಮ್ಮಿ ಇರುವ ಮನೆ ಸಿಕ್ಕರೂ ನಾನು ಅದನ್ನೇ ಹಿಡಿಯುತ್ತೇನೆ. ಮುಂದಿನ ಉತ್ತರಗಳೂ ಹೆಚ್ಚುಕಮ್ಮಿ ಇದೇ ಗೂಟಕ್ಕೆ ಕಟ್ಟಿದವು.

ಮನೆ ತೋರಿಸೋರು ಬರೀ ರೂಮು, ಅಡುಗೆಮನೆ ತೋರಿಸ್ತಾರೆ. ಏರಿಯಾನ ನಾನು ಹೇಗೆ ನೋಡಲಿ?

ಮೂರು ಹೊತ್ತಿನಲ್ಲಿ ನೋಡಿ: ಶಾಲೆಗೆ ಹೊರಡುವ ಹೊತ್ತು, ಶಾಲೆ ಬಿಟ್ಟು ಒಂದು ಗಂಟೆ ಕಳೆದ ಮೇಲೆ, ಕತ್ತಲಾದ ಮೇಲೆ. ರಜೆಯ ದಿನ ಬೆಳಿಗ್ಗೆ ಹೋದರೆ ಎಂಥ ರಸ್ತೆಯೂ ಸಾಧುವಾಗಿಯೇ ಕಾಣುತ್ತದೆ.

ಸಾಧ್ಯವಾದರೆ ಮಗುವನ್ನು ಕರೆದುಕೊಂಡೇ ಹೋಗಿ, ಅದರ ನಡಿಗೆಯಲ್ಲಿ ನಡೆಯಿರಿ. ನಡುವೆ ಎಲ್ಲಾದರೂ ಕುಕ್ಕರಗಾಲಲ್ಲಿ ಕೂತು ಸುತ್ತ ನೋಡಿ. ನಾಚಿಕೆ ಬೇಡ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮೂರು ವರ್ಷದ ಆರೋಗ್ಯವಂತ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ನೆದರ್‌ಲೆಂಡ್ಸಿನ ವ್ಯಾನ್ ಲಿಯರ್ ಪ್ರತಿಷ್ಠಾನ ಪುಟ್ಟ ಮಕ್ಕಳಿಗಾಗಿ ನಗರಗಳೊಡನೆ ನಡೆಸುವ ಕೆಲಸಕ್ಕೆ 'ಅರ್ಬನ್95' ಅಂತ ಹೆಸರಿಟ್ಟಿರುವುದು ಇದಕ್ಕೇ. ಆ ಎತ್ತರಕ್ಕೆ ಇಳಿದಾಗ ಸಾಲಾಗಿ ನಿಂತ ಕಾರುಗಳು ಗೋಡೆಯಾಗುತ್ತವೆ, ಸೈಲೆನ್ಸರಿನ ಹೊಗೆ ಮುಖದ ಮಟ್ಟಕ್ಕೇ ಬರುತ್ತದೆ, ಚರಂಡಿಯ ಮೇಲಿನ ಚಪ್ಪಡಿಗಳ ಸಂದು ದೊಡ್ಡದಾಗಿ ಕಾಣುತ್ತದೆ. ಸ್ಟ್ರಾಲರಿನ ಮುಂದಿನ ಚಕ್ರ ಸಿಕ್ಕಿಹಾಕಿಕೊಳ್ಳುವುದು ಆ ಸಂದಿನಲ್ಲೇ.

ಇನ್ನೊಂದು ಸುಲಭದ ಪರೀಕ್ಷೆ. ಫುಟ್‌ಪಾತಿನ ಮೇಲೆ ನೂರು ಹೆಜ್ಜೆ ನಡೆಯಿರಿ. ಕಂಬ, ನಿಲ್ಲಿಸಿದ ಬೈಕು, ಕಿತ್ತ ಕಲ್ಲು ಅಂತ ಎಷ್ಟು ಸಲ ರಸ್ತೆಗೆ ಇಳಿದಿರಿ? ಒಂದೂ ಇಲ್ಲ ಅಂದರೆ ಅಂಥ ಬಡಾವಣೆ ಸಿಗುವುದು ಅಪರೂಪ. ನಾಲ್ಕಕ್ಕಿಂತ ಹೆಚ್ಚಾದರೆ ಮಗು ಒಂದೇ ನಡೆಯುವ ಕಾಲ ಇನ್ನೆರಡು ವರ್ಷ ಮುಂದೆ ಹೋಯಿತು ಅಂತ ಲೆಕ್ಕ ಹಾಕಿಕೊಳ್ಳಿ.

ಪಾರ್ಕು ಎಷ್ಟು ದೂರದೊಳಗೆ ಇರಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2017ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಮನೆಯಿಂದ 300 ಮೀಟರಿನೊಳಗೆ ಅರ್ಧದಿಂದ ಒಂದು ಹೆಕ್ಟೇರಿನಷ್ಟು ಸಾರ್ವಜನಿಕ ಹಸಿರು ಜಾಗ ಇರಬೇಕು. ಅರ್ಧ ಹೆಕ್ಟೇರ್ ಅಂದರೆ ಸುಮಾರು ಒಂದೂಕಾಲು ಎಕರೆ. ನಗರದ ಮರಗಳ ಬಗ್ಗೆ ಕೆಲಸ ಮಾಡುವ ಸೆಸಿಲ್ ಕೊನಿನೆಂಡೈಕ್ 2021ರಲ್ಲಿ ಇದನ್ನು ನೆನಪಿಟ್ಟುಕೊಳ್ಳಲು ಸುಲಭವಾದ '3-30-300' ಸೂತ್ರಕ್ಕೆ ಸೇರಿಸಿದರು: ಮನೆಯಿಂದ ಮೂರು ಮರ ಕಾಣಬೇಕು, ಬಡಾವಣೆಯ ಶೇಕಡಾ 30ರಷ್ಟು ನೆಲಕ್ಕೆ ಮರದ ನೆರಳಿರಬೇಕು, ಪಾರ್ಕು 300 ಮೀಟರಿನಲ್ಲಿ ಸಿಗಬೇಕು.

ಆದರೆ ನಕ್ಷೆಯ 300 ಮೀಟರ್ ಹಕ್ಕಿಯ ದಾರಿ. ನಡುವೆ ನಾಲ್ಕು ಸಾಲಿನ ರಸ್ತೆ ಅಡ್ಡ ಬಂದರೆ ಪಾರ್ಕು ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಎರಡು ವರ್ಷದ ಮಗುವಿಗಂತೂ ಮುನ್ನೂರು ಮೀಟರ್ ಐದು ನಿಮಿಷದ ದಾರಿಯಲ್ಲ. ಇರುವೆ ಸಾಲು, ಒಣಗಿದ ಎಲೆ, ಮಲಗಿದ ನಾಯಿ, ಎಲ್ಲಕ್ಕೂ ನಿಂತು ನಿಂತು ಅರ್ಧ ಗಂಟೆ ಹಿಡಿಯುತ್ತದೆ. ಹಾಗಾಗಿ ದೊಡ್ಡದೊಂದು ಪಾರ್ಕು ಇದ್ದು ಮನೆ ಪಕ್ಕದಲ್ಲಿ ಏನೂ ಇಲ್ಲ ಅನ್ನುವುದಕ್ಕಿಂತ ಎರಡು ಮೂರು ಪುಟ್ಟ ಮೂಲೆಗಳು ಹತ್ತಿರ ಇರುವುದು ಚಿಕ್ಕ ಮಕ್ಕಳಿಗೆ ಮೇಲು. ಆಮ್‌ಸ್ಟರ್‌ಡ್ಯಾಮ್ ಇದನ್ನು ಮಾಡಿ ತೋರಿಸಿದೆ. ವಾಸ್ತುಶಿಲ್ಪಿ ಆಲ್ಡೊ ವ್ಯಾನ್ ಐಕ್ 1947ರಿಂದ ಮೂರು ದಶಕಗಳ ಕಾಲ ಆ ಊರಿನ ಖಾಲಿ ನಿವೇಶನ, ರಸ್ತೆ ಕೂಡುವ ಮೂಲೆ, ಕಟ್ಟಡ ಬಿದ್ದ ಜಾಗಗಳಲ್ಲಿ 700ಕ್ಕೂ ಹೆಚ್ಚು ಆಟದ ತಾಣಗಳನ್ನು ರೂಪಿಸಿದರು. ಅವುಗಳಲ್ಲಿ ಇದ್ದದ್ದು ಮರಳಿನ ಗುಂಡಿ, ಹತ್ತಲು ಕಬ್ಬಿಣದ ಕಮಾನು, ನೆಗೆಯಲು ಒಂದಷ್ಟು ಕಲ್ಲು. ಬಹುಪಾಲು ತಾಣಗಳಿಗೆ ಬೇಲಿಯೂ ಇರಲಿಲ್ಲ.

ಅಂಗಳ ಇದ್ದ ಮನೆ ಬಿಟ್ಟು ನಗರದ ಫ್ಲ್ಯಾಟಿಗೆ ಬರ್ತಿದ್ದೀವಿ. ಮಕ್ಕಳಿಗೆ ಅನ್ಯಾಯ ಮಾಡ್ತಿದ್ದೀವಾ?

ಅಂಗಳ ಹೋಗುತ್ತದೆ ನಿಜ, ಅದು ಚಿಕ್ಕ ನಷ್ಟವಲ್ಲ. ಬದಲಿಗೆ ಸಿಗುವುದು ಜೊತೆಗಾರರು. ಒಂದೇ ಮೆಟ್ಟಿಲಿನಲ್ಲಿ ಹತ್ತು ಮನೆಯಿದ್ದರೆ ಓರಗೆಯ ಮಗು ಒಂದಾದರೂ ಇದ್ದೇ ಇರುತ್ತದೆ, ಆಟಕ್ಕೆ ಫೋನು ಮಾಡಿ ಸಮಯ ಗೊತ್ತು ಮಾಡುವ ತಾಪತ್ರಯವಿಲ್ಲ. ಒಂಟಿ ಅಂಗಳದಲ್ಲಿ ಒಂಟಿ ಮಗು ಎಷ್ಟು ಹೊತ್ತು ಆಡೀತು? ಅಂತಸ್ತು ಆಯ್ದುಕೊಳ್ಳುವ ಅವಕಾಶವಿದ್ದರೆ ಕಿಟಕಿಯಿಂದ ಹೆಸರು ಹಿಡಿದು ಕೂಗಿದರೆ ಮಗುವಿಗೆ ಕೇಳುವಷ್ಟು ಎತ್ತರವನ್ನು ಆರಿಸಿಕೊಳ್ಳಿ. ಲಿಫ್ಟಿನ ಗುಂಡಿ ಕೈಗೆ ಎಟುಕದ ಮಗುವನ್ನು ಹನ್ನೆರಡನೇ ಮಹಡಿಯಿಂದ ಕೆಳಗೆ ಕಳಿಸುವುದು ದಿನದಿನದ ಪ್ರಯಾಣವೇ ಆಗಿಬಿಡುತ್ತದೆ.

ಕೈಗೂಸು ಇದೆ. ಪಾರ್ಕು, ಶಾಲೆ ಎಲ್ಲ ಆಮೇಲಿನ ಮಾತು. ಈಗ ನನಗೆ ಏರಿಯಾದಿಂದ ಏನು ಬೇಕು?

ಇದು ಕಮ್ಮಿ ಜನ ಕೇಳುವ, ಎಲ್ಲರೂ ಕೇಳಬೇಕಾದ ಪ್ರಶ್ನೆ. ಮೊದಲ ವರ್ಷ ಬಡಾವಣೆ ಬೇಕಾಗುವುದು ಕೂಸಿಗಿಂತ ತಾಯಿಗೆ. ದಿನಕ್ಕೊಮ್ಮೆ ಹೊರಗೆ ಕಾಲಿಡಲು ಒಂದು ನೆಪ, ನಡೆದು ಹೋಗುವಷ್ಟು ದೂರದಲ್ಲಿ ಲಸಿಕೆ ಹಾಕುವ ಕೇಂದ್ರ, ಔಷಧಿ ಅಂಗಡಿ. ಹಾಲುಣಿಸಲು ಕೂರಬಹುದಾದ ನೆರಳಿನ ಬೆಂಚು, ಅದಕ್ಕೆ ಬೆನ್ನೊರಗಿಸಲು ಹಲಗೆ. ಬೆನ್ನಿಲ್ಲದ ಕಲ್ಲುಬೆಂಚನ್ನು ಮಾಡಿಸಿದವರು ಯಾರೂ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕೂತು ನೋಡಿಲ್ಲ. ಬಾಗಿಲು ಹಾಕಿಕೊಳ್ಳುವ ಶೌಚಾಲಯ, ನಲ್ಲಿ ನೀರು. ಇಷ್ಟಿದ್ದರೆ ಹೊರಗೆ ಕಳೆಯುವ ಹದಿನೈದು ನಿಮಿಷ ಒಂದೂವರೆ ಗಂಟೆಯಾಗುತ್ತದೆ, ಅದೇ ಬೆಂಚಿಗೆ ಇನ್ನೊಬ್ಬ ತಾಯಿ ಬರುತ್ತಾಳೆ, ಮಾತು ಶುರುವಾಗುತ್ತದೆ.

## ಬೀದಿ ಮತ್ತು ಆಟ

ನಮ್ಮ ರಸ್ತೆಯಲ್ಲಿ ಗಾಡಿ ಜಾಸ್ತಿ ಇಲ್ಲ. ಆದರೆ ಬಂದವು ಸ್ಪೀಡಾಗಿ ಬರ್ತವೆ. ತಲೆ ಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಲೇಬೇಕು. ಎಷ್ಟೋ ಸಲ ಸಂಖ್ಯೆಗಿಂತ ವೇಗವೇ ಕೆಟ್ಟದ್ದು.

ಲೆಕ್ಕ ನೋಡಿ. ಚಾಲಕ ಮಗುವನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳೋಣ. ಗಂಟೆಗೆ 30 ಕಿಲೋಮೀಟರಿನಲ್ಲಿ ಬರುವ ಕಾರು ಆ ಸೆಕೆಂಡಿನಲ್ಲಿ 8 ಮೀಟರಿಗಿಂತ ಸ್ವಲ್ಪ ಹೆಚ್ಚು ಓಡುತ್ತದೆ, ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 5 ಮೀಟರ್. ಒಟ್ಟು 13ರ ಸುಮಾರಿಗೆ ನಿಂತುಬಿಟ್ಟಿತು. ಅದೇ ಕಾರು 50ರಲ್ಲಿ ಬಂದರೆ ಆ ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ದಾಟುತ್ತದೆ. ಅಂದರೆ ನಿಧಾನದ ಕಾರು ಪೂರ್ತಿ ನಿಂತ ಜಾಗದಲ್ಲಿ ವೇಗದ ಕಾರು ಬ್ರೇಕನ್ನೇ ಒತ್ತಿರುವುದಿಲ್ಲ, ಐವತ್ತರಲ್ಲೇ ಇರುತ್ತದೆ. ಚೆಂಡಿನ ಹಿಂದೆ ಓಡಿಬಂದ ಮಗು 13 ಮೀಟರ್ ದೂರದಲ್ಲಿ ಇದ್ದರೆ ಆಗುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಕಡೆಯಿಂದಲೂ ಒಂದು ತೊಡಕಿದೆ. ದೂರದ ವಸ್ತು ಕಣ್ಣೊಳಗೆ ದೊಡ್ಡದಾಗುತ್ತ ಬರುವುದನ್ನು ನೋಡಿ ಅದು ಹತ್ತಿರವಾಗುತ್ತಿದೆ ಎಂದು ತಿಳಿಯುವ ಶಕ್ತಿ ಅವರಲ್ಲಿ ಇನ್ನೂ ಬಲಿತಿರುವುದಿಲ್ಲ. ಪ್ರಾಥಮಿಕ ಶಾಲೆಯ ವಯಸ್ಸಿನವರು ಸುಮಾರು 30 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನವನ್ನು ನಂಬಿಕೆಯಿಂದ ಗುರುತಿಸಲಾರರು ಎಂದು ಬ್ರಿಟನ್ನಿನ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದಾರೆ. 'ಎರಡೂ ಕಡೆ ನೋಡಿ ದಾಟು' ಅಂತ ಹೇಳಿಕೊಡಬಹುದು. ಮಗು ನೋಡುತ್ತದೆ ಕೂಡ. ಕಂಡದ್ದು ಎಷ್ಟು ವೇಗವಾಗಿ ಬರುತ್ತಿದೆ ಅನ್ನುವುದು ಮಾತ್ರ ಅದಕ್ಕೆ ತಿಳಿಯುವುದಿಲ್ಲ. ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಜನರೂ ವಾಹನಗಳೂ ಬೆರೆಯುವ ಕಡೆ 30ರ ಮಿತಿ ಇರಬೇಕು ಅಂದದ್ದನ್ನು ಇದರೊಂದಿಗೆ ಇಟ್ಟು ಓದಿ.

ಫಲಕ ನೆಟ್ಟರೆ ವೇಗ ಇಳಿಯುವುದಿಲ್ಲ. ರಸ್ತೆ ಕಿರಿದಾಗಬೇಕು, ತಿರುವು ಬಿಗಿಯಾಗಬೇಕು, ದಾಟುವ ಕಡೆ ನೆಲವೇ ಎತ್ತರವಾಗಬೇಕು. ಅಗಲವಾದ ನೇರ ರಸ್ತೆ ಸಿಕ್ಕರೆ ಎಂಥ ಸಭ್ಯನ ಕಾಲೂ ಆಕ್ಸಿಲರೇಟರ್ ಮೇಲೆ ಭಾರ ಬೀಳುತ್ತದೆ.

ಗಾಡಿಗಳಿಂದ ಅಪಘಾತದ ಭಯ ಒಂದು ಬಿಟ್ಟರೆ ಬೇರೇನು ತೊಂದರೆ?

ಗೆಳೆಯರು ಕಮ್ಮಿಯಾಗುತ್ತಾರೆ. 1960ರ ದಶಕದ ಕೊನೆಯಲ್ಲಿ ನಗರ ಯೋಜನೆಯ ಸಂಶೋಧಕ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿದರು. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು, 16,000 ಓಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, 0.9. 'ನಿಮ್ಮ ಮನೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ' ಅಂತ ಕೇಳಿದರೆ ಮೊದಲಿನವರು ಇಡೀ ಬೀದಿಯನ್ನೇ ತೋರಿಸುತ್ತಿದ್ದರು. ಎರಡನೆಯವರ ಮನೆ ಬಾಗಿಲಿಗೇ ಮುಗಿದುಹೋಗಿತ್ತು.

ಮಕ್ಕಳು ಬೀದಿಯಲ್ಲೇ ಆಡೋದು ಸರೀನಾ? ಆಟದ ಮೈದಾನ ಇರೋದೇ ಅದಕ್ಕಲ್ವಾ?

ಮೈದಾನಕ್ಕೆ ಹೊರಟು ಹೋಗಬೇಕು, ಬೀದಿಯಾದರೆ ಬಾಗಿಲು ತೆರೆದರೆ ಸಾಕು. ಹೋಮ್‌ವರ್ಕಿಗೂ ಊಟಕ್ಕೂ ನಡುವೆ ಇಪ್ಪತ್ತು ನಿಮಿಷ ಸಿಕ್ಕರೆ ಮಕ್ಕಳು ಎಲ್ಲಿ ಆಡುತ್ತಾರೆ ಹೇಳಿ? ಬೀದಿಯನ್ನು ಮಕ್ಕಳಿಗೆ ಬಿಟ್ಟುಕೊಡುವುದು ಹೊಸ ಯೋಚನೆಯೇನಲ್ಲ. ನ್ಯೂಯಾರ್ಕ್ 1914ರಲ್ಲೇ ಕೆಲವು ಬೀದಿಗಳನ್ನು ದಿನದ ಒಂದಷ್ಟು ಹೊತ್ತು ವಾಹನಗಳಿಗೆ ಮುಚ್ಚಿ ಆಟಕ್ಕೆ ತೆರೆಯಿತು. ನೆದರ್‌ಲೆಂಡ್ಸಿನ ಡೆಲ್ಫ್ಟ್ ಊರಿನಲ್ಲಿ ಶುರುವಾದ 'ವೂನೆರ್ಫ್', ಅಂದರೆ ವಾಸದ ಅಂಗಳ, 1976ರಲ್ಲಿ ಕಾನೂನಿನೊಳಗೆ ಬಂತು. ಅಲ್ಲಿ ನಡೆಯುವವರೂ ಆಡುವ ಮಕ್ಕಳೂ ರಸ್ತೆಯ ಪೂರ್ತಿ ಅಗಲವನ್ನು ಬಳಸಬಹುದು, ಗಾಡಿ ನಡಿಗೆಯ ವೇಗದಲ್ಲಿ ಅವರ ನಡುವೆ ದಾರಿ ಮಾಡಿಕೊಂಡು ಹೋಗಬೇಕು.

ಆದರೆ ಇದು ಎಲ್ಲ ಬೀದಿಗೂ ಹೊಂದುವುದಿಲ್ಲ. ಎರಡು ದೊಡ್ಡ ರಸ್ತೆಗಳ ನಡುವೆ ಅಡ್ಡದಾರಿಯಾಗಿ ಬಳಕೆಯಾಗುವ ಬೀದಿಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಅಲ್ಲಿ ಬರುವ ಚಾಲಕನಿಗೆ ಆ ಬೀದಿಯ ಮಕ್ಕಳ ಪರಿಚಯವೂ ಇಲ್ಲ, ಮುಲಾಜೂ ಇಲ್ಲ. ಕೊನೆ ಮುಚ್ಚಿದ ಬೀದಿಯಲ್ಲಿ ಮನೆ ಸಿಕ್ಕರೆ ಬಿಡಬೇಡಿ.

ಪಾರ್ಕಲ್ಲಿ ಎಲ್ಲಾ ಆಟದ ಸಾಮಾನು ಇದೆ. ಆದರೂ ನನ್ನ ಮಗ ಹತ್ತು ನಿಮಿಷಕ್ಕೆ ಬೋರ್ ಅಂತಾನೆ. ಯಾಕೆ?

ಜಾರುಬಂಡಿಯಲ್ಲಿ ಮಾಡಬಹುದಾದದ್ದು ಜಾರುವುದೊಂದೇ. ತಪ್ಪಿದರೆ ಉಲ್ಟಾ ಹತ್ತುವುದು, ಅದಕ್ಕೆ ನಾವು ಬಯ್ಯುತ್ತೇವೆ. ಮಕ್ಕಳು ಗಂಟೆಗಟ್ಟಲೆ ಮೈಮರೆಯುವುದು ಎತ್ತಿ, ಎಳೆದು, ಕಟ್ಟಿ, ಕೆಡವಬಹುದಾದ ಸಾಮಾನಿನ ಜೊತೆ: ಮರಳು, ನೀರು, ಕಡ್ಡಿ, ಇಟ್ಟಿಗೆ, ಹಳೇ ಟೈರು. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಕಾರ್ಲ್ ಥಿಯೊಡೋರ್ ಸೋರೆನ್ಸೆನ್, ತಾನು ಅಂದವಾಗಿ ಮಾಡಿದ ಆಟದಂಗಳಗಳಿಗಿಂತ ಕಟ್ಟಡ ಕೆಲಸದ ಜಾಗದ ಕಸದಲ್ಲೇ ಮಕ್ಕಳಿಗೆ ಹೆಚ್ಚು ಖುಷಿ ಅನ್ನುವುದನ್ನು ಗಮನಿಸಿದರು. 1943ರಲ್ಲಿ ಕೋಪನ್‌ಹೇಗನ್ನಿನ ಎಂಡ್ರೂಪ್‌ನಲ್ಲಿ ಇಂಥ ಮೊದಲ 'ಗುಜರಿ ಆಟದಂಗಳ' ಶುರುವಾಯಿತು. ಮೊಳೆ, ಸುತ್ತಿಗೆ, ಹಲಗೆ ಎಲ್ಲ ಮಕ್ಕಳ ಕೈಯಲ್ಲಿ, ಜೊತೆಗೆ ಕಣ್ಣಿಟ್ಟಿರಲು ಒಬ್ಬ ದೊಡ್ಡವರು.

ನಿಮ್ಮ ಪಾರ್ಕಿನಲ್ಲಿ ಸುತ್ತಿಗೆ ಸಿಗದು. ಆದರೆ ಒಂದು ಬಕೆಟ್ಟು, ಹಳೆಯ ಸೌಟು, ಎರಡು ಗಜ ಹಗ್ಗ ಜೊತೆಗೊಯ್ಯುವುದನ್ನು ಯಾರೂ ತಡೆಯುವುದಿಲ್ಲ. ಹಗ್ಗ ಕೆಳಗೆ ನೆಲದ ಆಟಕ್ಕೆ ಮಾತ್ರ, ಜಾರುಬಂಡಿಯ ಮೇಲಕ್ಕೆ ಬೇಡ.

ಜಾರುಬಂಡಿ, ಉಯ್ಯಾಲೆ ಸೇಫಾ ಅಂತ ನಾನೇ ಹೇಗೆ ತಿಳ್ಕೊಳ್ಳೋದು?

ಮೊದಲು ನೆಲ ನೋಡಿ, ಆಮೇಲೆ ಉಪಕರಣ. ಆಟದಂಗಳದ ಗಾಯಗಳಲ್ಲಿ ಬಹುಪಾಲು ಬೀಳುವುದರಿಂದ. ಕಾಂಕ್ರೀಟು, ಗಟ್ಟಿ ಮಣ್ಣು, ತೆಳ್ಳಗೆ ಹುಲ್ಲಿರುವ ನೆಲ ಮೂರೂ ಸಲ್ಲ. ಕೈ ಹಾಕಿದರೆ ಗೆಣ್ಣು ಮುಳುಗಿ ಇನ್ನೂ ಕೆಳಗಿಳಿಯುವಷ್ಟು ಸಡಿಲ ಮರಳೋ, ಮರದ ಹೊಟ್ಟೋ, ಒತ್ತಿದರೆ ಮೆತ್ತಗೆ ಬಗ್ಗುವ ರಬ್ಬರೋ ಇರಬೇಕು. ಉಯ್ಯಾಲೆಯ ಕೆಳಗಿನ ಮರಳು ಕಾಲು ಉಜ್ಜಿ ಉಜ್ಜಿ ಹಳ್ಳವಾಗಿರುತ್ತದೆ, ಬೀಳುವುದೂ ಅಲ್ಲೇ.

ಆಮೇಲೆ ಸಂದುಗಳು. ಸುಮಾರು 9ರಿಂದ 23 ಸೆಂಟಿಮೀಟರ್ ನಡುವಿನ ಕಿಂಡಿಯಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಅಂಗಿಯ ಟೋಪಿದಾರ, ಕೊರಳಿನ ದಾರ, ಭುಜಕ್ಕೆ ಅಡ್ಡ ಹಾಕಿದ ಚೀಲ ತೆಗೆಸಿಯೇ ಮೇಲೆ ಹತ್ತಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ತಗಡಿನ ಜಾರುಬಂಡಿಗೆ ಮೊದಲು ನಿಮ್ಮ ಅಂಗೈ ಹಿಂಬದಿಯನ್ನು ಐದು ಸೆಕೆಂಡ್ ಇಟ್ಟು ನೋಡಿ. ಕಪ್ಪು ರಬ್ಬರ್ ನೆಲವೂ ಅಷ್ಟೇ ಸುಡುತ್ತದೆ.

ಒಂದು ಎಚ್ಚರಿಕೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುಟ್ಟ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡಿ. ಮಗುವಿನ ಪಾದ ಅಂಚಿಗೆ ಸಿಕ್ಕಿಕೊಂಡರೆ ನಿಮ್ಮ ಭಾರಕ್ಕೆ ಇಬ್ಬರೂ ಮುಂದೆ ಹೋಗುತ್ತೀರಿ, ಅದರ ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಮುರಿಯುತ್ತದೆ. ಜೋಪಾನ ಮಾಡಲು ಹೋಗಿಯೇ ಆಗುವ ಗಾಯವಿದು. ಒಂದೇ ಜಾರುವಷ್ಟು ದೊಡ್ಡದಾಗಲಿ ಬಿಡಿ.

ಎಷ್ಟನೇ ವಯಸ್ಸಿಗೆ ಒಬ್ಬನ್ನೇ ಹೊರಗೆ ಕಳಿಸಬಹುದು? ನಮ್ಮತ್ತೆ ಏಳು ಅಂತಾರೆ, ನನಗೆ ಹನ್ನೆರಡಾದರೂ ಭಯ.

ನಿಮ್ಮತ್ತೆ ತಮ್ಮ ಕಾಲದ ಮಾತು ಹೇಳುತ್ತಿದ್ದಾರೆ, ಸುಳ್ಳೇನಲ್ಲ. ಸಂಶೋಧಕ ಮೇಯರ್ ಹಿಲ್‌ಮನ್ ಮತ್ತು ಅವರ ಜೊತೆಗಾರರು ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿದಾಗ, 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇಕಡಾ 80ರಷ್ಟು ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ಶೇಕಡಾ 9ಕ್ಕೆ ಇಳಿದಿತ್ತು. ಇಪ್ಪತ್ತು ವರ್ಷಕ್ಕೆ ಮಕ್ಕಳ ಬುದ್ಧಿ ಕುಗ್ಗಲಿಲ್ಲ, ರಸ್ತೆಗಳು ಬದಲಾದವು.

ಹಾಗಾಗಿ ವಯಸ್ಸು ಕೇಳುವ ಬದಲು ದಾರಿಯನ್ನು ಕೇಳಿ. ರಸ್ತೆ ದಾಟದೆ ಸಿಗುವ ಪಕ್ಕದ ಮನೆಗೆ ಐದು ವರ್ಷದವನೂ ಹೋಗಬಲ್ಲ. ಒಂದು ಚಿಕ್ಕ ರಸ್ತೆ ದಾಟಿ ಹೋಗುವ ಜಾಗಕ್ಕೆ ಮೊದಲು ನೀವು ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆಯಿರಿ, ದಾರಿ ಅವನೇ ತೋರಿಸಲಿ. ಆಮೇಲೆ ಮೂಲೆಯಲ್ಲಿ ನಿಂತು ನೋಡಿ. ಆಮೇಲೆ ಗೆಳೆಯನ ಜೊತೆ ಕಳಿಸಿ. ನಾನು ಮಗಳನ್ನು ಮೊದಲ ಸಲ ಒಬ್ಬಳೇ ಕಳಿಸಿದ ದಿನ ಕಿಟಕಿಗೂ ಬಾಗಿಲಿಗೂ ಹನ್ನೊಂದು ಸಲ ಓಡಾಡಿದ್ದೇನೆ. ಅವಳು ಬಂದು ಕೇಳಿದ್ದು, 'ನೀನ್ಯಾಕೆ ಬೆವತಿದೀಯ?'

ಚಿಕ್ಕವರಿಗೆ ಎಲ್ಲಾ ಇದೆ. ನನ್ನ ಹದಿಮೂರು ವರ್ಷದ ಮಗಳಿಗೆ ಈ ಏರಿಯಾದಲ್ಲಿ ಏನೂ ಇಲ್ಲವಲ್ಲ?

ಇದು ಬಹುತೇಕ ನಗರಗಳ ಕುಂದು. ಹದಿಹರೆಯದ ಹುಡುಗರಿಗೆ ಒಂದು ಆಟದ ಅಂಕಣ ಕಟ್ಟಿಸಿ ಕೈತೊಳೆದುಕೊಳ್ಳುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ವಿಯೆನ್ನಾದಲ್ಲಿ 1990ರ ದಶಕದ ಮಧ್ಯದಲ್ಲಿ ಪಾರ್ಕುಗಳನ್ನು ಗಮನಿಸಿದಾಗ ಒಂಬತ್ತು ಹತ್ತು ವರ್ಷ ದಾಟಿದ ಕೂಡಲೇ ಹುಡುಗಿಯರು ಅಲ್ಲಿಂದ ಮಾಯವಾಗುತ್ತಿದ್ದದ್ದು ಕಂಡುಬಂತು. ಜಾಗಕ್ಕೆ ಹುಡುಗರೊಡನೆ ಕಿತ್ತಾಡುವುದಕ್ಕಿಂತ ಹೋಗದಿರುವುದೇ ಮೇಲು ಅನ್ನಿಸುತ್ತಿತ್ತು. 1999ರಲ್ಲಿ ಅಲ್ಲಿನ ಐದನೇ ಜಿಲ್ಲೆಯ ಎರಡು ಪಾರ್ಕುಗಳನ್ನು ಬದಲಿಸಿದರು. ದೊಡ್ಡ ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿದರು, ಕಾಲುದಾರಿ ಹೆಚ್ಚಿಸಿದರು. ಹುಡುಗಿಯರು ಮರಳಿ ಬಂದರು.

ನೀವು ನೋಡಬೇಕಾದದ್ದೂ ಇಂಥವನ್ನೇ: ನಾಲ್ವರು ಎದುರುಬದುರು ಕೂತು ಹರಟುವಂಥ ಕಟ್ಟೆ, ಸಂಜೆ ದೀಪ, ಒಂದೇ ಬಾಗಿಲಿನ ಪಂಜರವಲ್ಲದ ಅಂಕಣ, ತಡವಾಗಿ ಮುಚ್ಚುವ ಲೈಬ್ರರಿ, ಒಬ್ಬಳೇ ಹತ್ತಿ ಇಳಿಯಬಹುದಾದ ಬಸ್ಸು. ಏನೂ ಮಾಡದೆ ಸುಮ್ಮನೆ ಕೂತ ಹುಡುಗ ಹುಡುಗಿಯರನ್ನು ಎಬ್ಬಿಸಿ ಕಳಿಸುವ ಬಡಾವಣೆ ಅವರಿಗೆ ಮನೆಯ ಮೊಬೈಲಿನ ದಾರಿಯನ್ನೇ ತೋರಿಸುತ್ತದೆ.

## ಶಾಲೆ, ಗಾಳಿ, ಬೆಳಕು

ಒಳ್ಳೇ ಹೆಸರಿರೋ ಶಾಲೆ ಮುಕ್ಕಾಲು ಗಂಟೆ ದೂರ. ಹತ್ತಿರದ್ದು ಸುಮಾರು. ಯಾವುದಕ್ಕೆ ಹಾಕಲಿ?

ಶಾಲೆಯ ಒಳಗೆ ಹೋಗಿ ನೋಡದೆ ಹೇಳಲಾರೆ, ಆದರೆ ತಕ್ಕಡಿಯ ಈ ಕಡೆಯ ಭಾರವನ್ನು ಹೇಳಬಲ್ಲೆ. ಮುಕ್ಕಾಲು ಗಂಟೆಯಂತೆ ಎರಡು ಹೊತ್ತು, ವರ್ಷಕ್ಕೆ 200 ದಿನ ಅಂದರೆ 300 ಗಂಟೆ. ಅದು ನಿದ್ದೆಯಿಂದಲೋ ಆಟದಿಂದಲೋ ಕಿತ್ತ ಸಮಯ. ಎರಡನೆಯದು, ಸಹಪಾಠಿಗಳು ಊರಿನ ಮೂಲೆ ಮೂಲೆಯಲ್ಲಿ ಚದುರಿ ಹೋಗಿರುತ್ತಾರೆ, ಸಂಜೆ ಬೀದಿಯಲ್ಲಿ ಜೊತೆಗೆ ಆಡುವವರು ಬೇರೆ, ಹಗಲು ಓದುವವರು ಬೇರೆ. ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರ್ರಿ 1929ರಲ್ಲಿ ಬಡಾವಣೆಯ ಮಾದರಿ ರೂಪಿಸಿದಾಗ ನಡುಮಧ್ಯೆ ಪ್ರಾಥಮಿಕ ಶಾಲೆಯನ್ನು ಇಟ್ಟು, ಮನೆಗಳೆಲ್ಲ ಅದರಿಂದ ಸುಮಾರು 400 ಮೀಟರ್ ದೂರದೊಳಗೆ ಬರಬೇಕು, ದೊಡ್ಡ ರಸ್ತೆಗಳು ಅಂಚಿನಲ್ಲೇ ಹಾದುಹೋಗಬೇಕು ಅಂದದ್ದು ಇದೇ ಕಾರಣಕ್ಕೆ. ಹತ್ತು ವರ್ಷದವರೆಗೆ ನಾನು ಹತ್ತಿರದ ಶಾಲೆಯ ಕಡೆಗೇ ವಾಲುತ್ತೇನೆ. ಅಲ್ಲಿ ಮಕ್ಕಳಿಗೆ ಹೊಡೆಯುತ್ತಾರೆ, ಹೀಯಾಳಿಸುತ್ತಾರೆ ಅಂತಾದರೆ ಮಾತ್ರ ದೂರವಾದರೂ ಸರಿ, ಬೇರೆ ನೋಡಿ.

ಮೇನ್ ರೋಡಿನ ಮೇಲೇ ಮನೆ ಸಿಕ್ಕಿದೆ, ಬಸ್ಸು ಬಾಗಿಲಿಗೇ ಬರುತ್ತೆ. ಹೊಗೆ, ಗಲಾಟೆ ಅಭ್ಯಾಸ ಆಗಲ್ವಾ?

ಕಿವಿಗೆ ಅಭ್ಯಾಸವಾಗುತ್ತದೆ, ಮೈಗೆ ಆಗುವುದಿಲ್ಲ. ವಾಹನದ ಹೊಗೆ ದೊಡ್ಡ ರಸ್ತೆಯ ಅಂಚಿನಲ್ಲಿ ದಟ್ಟವಾಗಿದ್ದು ಒಂದಿನ್ನೂರು ಮುನ್ನೂರು ಮೀಟರ್ ಒಳಗೆ ಹೋಗುವಷ್ಟರಲ್ಲಿ ಬಹಳಷ್ಟು ತಿಳಿಯಾಗುತ್ತದೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಅನ್ನುವ, ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ವಾರ್ಷಿಕ ಮಿತಿಯನ್ನು ಪ್ರತಿ ಘನಮೀಟರಿಗೆ 10ರಿಂದ 5 ಮೈಕ್ರೋಗ್ರಾಮಿಗೆ ಇಳಿಸಿತು. ಶಬ್ದದ ವಿಚಾರಕ್ಕೆ ಬಂದರೆ, ಬಾರ್ಸಿಲೋನಾದ 38 ಶಾಲೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಹನದ ಸದ್ದು ಹೆಚ್ಚಿದ್ದ ಶಾಲೆಗಳ ಮಕ್ಕಳಲ್ಲಿ, ಕೆಲಸ ಮಾಡುವಾಗ ಬೇಕಾದದ್ದನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ (ವರ್ಕಿಂಗ್ ಮೆಮೊರಿ) ನಿಧಾನವಾಗಿ ಬೆಳೆದದ್ದು ಕಂಡಿತು.

ಬಸ್ಸು ಬೇಕು, ಬಾಗಿಲಿಗೆ ಬೇಡ. ಎರಡು ಬೀದಿ ಒಳಗೆ ಹೋಗಿ ಮನೆ ನೋಡಿ. ಅದಾಗದಿದ್ದರೆ ಮಗು ಮಲಗುವ ಕೋಣೆಯನ್ನಾದರೂ ಹಿಂಬದಿಗೆ ಇಡಿ.

ಹೊರಗೆ ಆಡಿದರೆ ಕನ್ನಡಕ ಬರಲ್ಲ ಅಂತಾರೆ, ನಿಜವಾ?

ಪೂರ್ತಿ ತಡೆಯುವುದಿಲ್ಲ, ಆದರೆ ಸಮೀಪದೃಷ್ಟಿ ಶುರುವಾಗುವ ಸಾಧ್ಯತೆಯನ್ನು ಕಮ್ಮಿ ಮಾಡುತ್ತದೆ. ಇಲ್ಲಿ ಕೆಲಸ ಮಾಡುವುದು ಹೊರಗಿನ ಬೆಳಕು, ಓಟವಲ್ಲ. ಮೋಡವಿದ್ದ ದಿನವೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿರಿಸುವ ಕಾರ್ಯಕ್ರಮ ನಡೆಸುತ್ತಿದೆ. ಶಾಲೆಗೆ ನಡೆದು ಹೋಗಿ ಬಂದರೆ ಅದರಲ್ಲಿ ಅರ್ಧ ಗಂಟೆ ಅಲ್ಲೇ ಸಿಕ್ಕಿತು.

## ಸ್ವಲ್ಪ ಆಳಕ್ಕೆ

ಮನೆಯಲ್ಲಿ ತಂದೆತಾಯಿ ಚೆನ್ನಾಗಿದ್ರೆ ಸಾಲದಾ? ಏರಿಯಾದಿಂದ ಭವಿಷ್ಯವೇ ಬದಲಾಗುತ್ತಾ?

ಇದಕ್ಕೆ ಒಂದು ಅಪರೂಪದ ಪ್ರಯೋಗವೇ ನಡೆದಿದೆ. 1994ರಿಂದ 1998ರ ನಡುವೆ ಅಮೆರಿಕದ ಐದು ನಗರಗಳಲ್ಲಿ ತೀರಾ ಬಡ ಬಡಾವಣೆಗಳ ಸುಮಾರು 4,600 ಕುಟುಂಬಗಳನ್ನು ಚೀಟಿ ಎತ್ತಿ ಗುಂಪು ಮಾಡಿದರು. ಕೆಲವರಿಗೆ ಬಡತನ ಕಮ್ಮಿಯಿರುವ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಸಿಕ್ಕಿತು. ಮೊದಲ ಫಲಿತಾಂಶಗಳು ನಿರಾಸೆ ತಂದವು. ದೊಡ್ಡವರ ಸಂಪಾದನೆ ಏರಲಿಲ್ಲ. ಎರಡು ದಶಕ ಕಳೆದು, ಆ ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರನ್, ಲಾರೆನ್ಸ್ ಕಾಟ್ಜ್ ಮತ್ತೆ ಲೆಕ್ಕ ತೆಗೆದರು. 13 ವರ್ಷ ತುಂಬುವ ಮೊದಲು ಜಾಗ ಬದಲಿಸಿದ ಮಕ್ಕಳ ಆದಾಯ ಇಪ್ಪತ್ತೈದರ ಆಸುಪಾಸಿನಲ್ಲಿ ಸುಮಾರು ಶೇಕಡಾ 31ರಷ್ಟು ಹೆಚ್ಚಿತ್ತು. ಹದಿಮೂರು ದಾಟಿ ಹೋದವರಿಗೆ ಲಾಭ ಕಾಣಲಿಲ್ಲ, ತುಸು ನಷ್ಟವೇ ಆಗಿರುವಂತೆ ಕಂಡಿತು. ತಂದೆತಾಯಿ ಅವರೇ, ಬೀದಿ ಬೇರೆ.

ಇದನ್ನು ಓದಿ ಗಾಬರಿಯಾಗಬೇಡಿ. ಹೋಲಿಕೆ ಇದ್ದದ್ದು ಕಡು ಬಡತನ ಮಡುಗಟ್ಟಿದ ಬಡಾವಣೆಗಳೊಡನೆ. ಎರಡು ಸಾಧಾರಣ ಬಡಾವಣೆಗಳ ನಡುವೆ ಆಯ್ಕೆ ಮಾಡುವ ನಿಮಗೆ ಅಷ್ಟು ಅಂತರ ಇರದು. ವಯಸ್ಸಿನ ಮಾತು ಮಾತ್ರ ಗಮನಿಸಿ: ಮನೆ ಬದಲಿಸುವುದಿದ್ದರೆ ಮಗು ಚಿಕ್ಕದಿರುವಾಗಲೇ ಒಳ್ಳೆಯದು.

ಗೇಟು, ಕಾವಲು ಇರೋ ಕಾಂಪೌಂಡ್ ಒಳಗಿನ ಮನೆಯೇ ಮಕ್ಕಳಿಗೆ ಬೆಸ್ಟ್ ಅಂತ ಎಲ್ಲರೂ ಹೇಳ್ತಾರೆ. ನೀವೇನಂತೀರಿ?

ಆರು ವರ್ಷದವರೆಗೆ ನಾನೂ ಒಪ್ಪುತ್ತೇನೆ. ಒಳಗೆ ಗಾಡಿಯಿಲ್ಲದ ಅಂಗಳವಿದ್ದರೆ ಅದು ಭಾಗ್ಯವೇ. ಆಮೇಲೆ ಗೋಡೆ ಚಿಕ್ಕದಾಗುತ್ತ ಬರುತ್ತದೆ. ಗೇಟಿನಾಚೆ ಫುಟ್‌ಪಾತೂ ಇಲ್ಲದ ಹೆದ್ದಾರಿಯಿದ್ದರೆ ಹನ್ನೆರಡರ ಹುಡುಗ ಎಲ್ಲಿಗೂ ಹೋಗಲಾರ, ಅಪ್ಪ ಅಮ್ಮ ಅವನ ಡ್ರೈವರುಗಳಾಗುತ್ತಾರೆ. ಜೊತೆಗೆ ಒಳಗಿನ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಂದೇ ಅಂತಸ್ತಿನವರು. ತನ್ನಂತಿಲ್ಲದವರ ಜೊತೆ ಆಡುವುದು, ಜಗಳವಾಡಿ ರಾಜಿಯಾಗುವುದು ಅಲ್ಲಿ ಸಿಗುವುದಿಲ್ಲ. ಇಂಥ ಕಡೆ ಮನೆ ನೋಡುವಾಗ ಗೇಟಿನ ಒಳಗಿಗಿಂತ ಗೇಟಿನಿಂದಾಚೆಗಿನ ಮೊದಲ 200 ಮೀಟರ್ ನಡೆದು ನೋಡಿ.

ಅಕ್ಕಪಕ್ಕದವರು ಒಳ್ಳೆಯವರಾ ಅಂತ ಮೊದಲೇ ತಿಳ್ಕೊಳ್ಳೋ ದಾರಿ ಇದೆಯಾ?

1997ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಷಿಕಾಗೋದ ನೆರೆಹೊರೆಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ ಒಂದು ಪ್ರಶ್ನೆಯನ್ನು ನಾನು ಎರವಲು ಪಡೆದಿದ್ದೇನೆ: ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುತ್ತಾರಾ? ಜನ ಹೌದೆಂದ ನೆರೆಹೊರೆಗಳಲ್ಲಿ ಹಿಂಸೆ ಕಮ್ಮಿಯಿತ್ತು, ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ. ಮನೆ ನೋಡಲು ಹೋದಾಗ ಮೂಲೆ ಅಂಗಡಿಯವರನ್ನೋ ಗೇಟಿಗೊರಗಿ ನಿಂತ ಹಿರಿಯರನ್ನೋ ಇದನ್ನೇ ಕೇಳಿ. 'ಯಾರ ಮಕ್ಕಳೋ ಏನೋ, ನಮಗ್ಯಾಕೆ' ಅನ್ನುವ ಉತ್ತರಕ್ಕೂ 'ಅವರಪ್ಪಂಗೆ ಹೇಳ್ತೀನಿ' ಅನ್ನುವ ಉತ್ತರಕ್ಕೂ ಇರುವ ವ್ಯತ್ಯಾಸ ಯಾವ ಕರಪತ್ರದಲ್ಲೂ ಸಿಗುವುದಿಲ್ಲ.

ನನ್ನ ಮಗ ವೀಲ್‌ಚೇರಲ್ಲಿ ಓಡಾಡ್ತಾನೆ. ಪಾರ್ಕಲ್ಲಿ ರ‍್ಯಾಂಪ್ ಇದೆ ಅಂತಾರೆ, ಅಷ್ಟು ಸಾಕಾ?

ಸಾಲದು. ಪಾರ್ಕಿನ ರ‍್ಯಾಂಪಿನವರೆಗೆ ಬರುವ ದಾರಿಯಲ್ಲಿ ಒಂದೇ ಒಂದು ಎತ್ತರದ ಅಂಚುಕಲ್ಲು ಇದ್ದರೂ ಅದು ಇಲ್ಲದಂತೆಯೇ. ಒಳಗೂ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಗಟ್ಟಿ ರಬ್ಬರ್ ದಾರಿ, ಗಾಲಿಕುರ್ಚಿ ಕೆಳಗೆ ತೂರುವಂತೆ ಎತ್ತರಿಸಿದ ಮರಳಿನ ತೊಟ್ಟಿ, ಬೆನ್ನಾಸರೆಯ ಉಯ್ಯಾಲೆ ಇವೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ, ಅವು ಬೇರೆ ಮೂಲೆಯಲ್ಲಿ ಒಂಟಿಯಾಗಿರದೆ ಉಳಿದ ಮಕ್ಕಳು ಆಡುವ ನಡುವೆಯೇ ಇರಬೇಕು. ಸದ್ದು, ಗದ್ದಲ ತಡೆಯಲಾರದ ಮಕ್ಕಳಿಗೆ ಪೊದೆಯ ಮರೆಯ ಒಂದು ಶಾಂತ ಮೂಲೆಯೂ ಬೇಕು.

ಸಾಲ ಮಾಡಿ ಮನೆ ತಗೊಂಡಾಯ್ತು. ಏರಿಯಾ ಮಕ್ಕಳಿಗೆ ಲಾಯಕ್ಕಿಲ್ಲ ಅಂತ ಈಗ ಗೊತ್ತಾಗ್ತಿದೆ. ಏನ್ ಮಾಡ್ಲಿ?

ಮನೆ ಬದಲಿಸುವುದಕ್ಕಿಂತ ಬೀದಿ ಬದಲಿಸುವುದು ಕೆಲವೊಮ್ಮೆ ಅಗ್ಗ. 1971ರಲ್ಲಿ ನೆದರ್‌ಲೆಂಡ್ಸಿನಲ್ಲಿ ರಸ್ತೆ ಅಪಘಾತಕ್ಕೆ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಇವತ್ತು ಎಲ್ಲರೂ ಹೊಗಳುವ ಅಲ್ಲಿನ ಸೈಕಲ್ ದಾರಿಗಳ ಹಿಂದೆ ಆಗ ಬೀದಿಗಿಳಿದ ತಂದೆತಾಯಿಯರಿದ್ದಾರೆ, ಆಮ್‌ಸ್ಟರ್‌ಡ್ಯಾಮಿನ ಡೆ ಪೈಪ್ ಬಡಾವಣೆಯಲ್ಲಿ ತಮ್ಮ ಬೀದಿಯನ್ನು ತಾವೇ ಅಡ್ಡಗಟ್ಟಿದ ಮಕ್ಕಳಿದ್ದಾರೆ.

ಅಷ್ಟು ದೊಡ್ಡದಾಗಿ ಶುರುಮಾಡಬೇಕಿಲ್ಲ. ಒಂದೇ ಶಾಲೆಗೆ ಹೋಗುವ ಐದಾರು ಮನೆಯ ಮಕ್ಕಳನ್ನು ಸೇರಿಸಿ 'ನಡೆಯುವ ಬಸ್ಸು' ಮಾಡಿ. ಗೊತ್ತಾದ ಸಮಯಕ್ಕೆ ಗೊತ್ತಾದ ದಾರಿಯಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ದಾರಿಯುದ್ದಕ್ಕೂ ಮಕ್ಕಳು ಬಂದು ಸೇರಿಕೊಳ್ಳುತ್ತಾರೆ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಆರಂಭದಲ್ಲಿ ಹೇಳಿದ ಉಪಾಯವಿದು. ಸರದಿ ಹಾಕಿಕೊಂಡರೆ ನಿಮ್ಮ ಪಾಳಿ ವಾರಕ್ಕೆ ಒಂದೆರಡು ಸಲ. ದಿನಾ ಬೆಳಿಗ್ಗೆ ಹತ್ತು ಮಕ್ಕಳ ಸಾಲು ದಾಟುವ ಕಡೆ ಪಟ್ಟೆ ಬಳಿಯಿರಿ, ಹಂಪ್ ಹಾಕಿ ಅಂತ ಅರ್ಜಿ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ. ಅರ್ಜಿಯಲ್ಲಿ ದೂರು ಕಮ್ಮಿ ಇರಲಿ, ಎಣಿಕೆ ಇರಲಿ: ಎಂಟರಿಂದ ಎಂಟೂವರೆಯವರೆಗೆ ಎಷ್ಟು ಮಕ್ಕಳು ದಾಟಿದರು, ಎಷ್ಟು ಗಾಡಿ ನಿಂತವು. ಎಣಿಸುವ ಕೆಲಸವನ್ನು ಮಕ್ಕಳಿಗೇ ಕೊಡಿ, ನಮಗಿಂತ ಕರಾರುವಾಕ್ಕಾಗಿ ಮಾಡುತ್ತಾರೆ.

ಇದನ್ನೆಲ್ಲ ನಾವೇ ತೀರ್ಮಾನಿಸೋದಾ, ಮಕ್ಕಳನ್ನೂ ಕೇಳಬೇಕಾ?

ಕೇಳಬೇಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟದ ಹಕ್ಕನ್ನು ಹೇಳಿದರೆ, 12ನೆಯದು ತಮಗೆ ಸಂಬಂಧಿಸಿದ ವಿಚಾರದಲ್ಲಿ ಮಾತಾಡುವ ಹಕ್ಕನ್ನು ಹೇಳುತ್ತದೆ. ಹಾಗಂತ ಎದುರಿಗೆ ಕೂರಿಸಿಕೊಂಡು 'ಏರಿಯಾ ಹೇಗಿದೆ' ಅಂದರೆ 'ಚೆನ್ನಾಗಿದೆ' ಅಂದು ಓಡುತ್ತವೆ. ಕಾಗದ ಕೊಟ್ಟು ಮನೆಯಿಂದ ಶಾಲೆಯವರೆಗಿನ ದಾರಿ ಬರೆಯಲು ಹೇಳಿ.

ನನ್ನ ಮಗಳು ಬರೆದ ನಕ್ಷೆ ಇನ್ನೂ ನನ್ನ ಬಳಿ ಇದೆ. ಪಾರ್ಕನ್ನು ಅವಳು ಬರೆದೇ ಇರಲಿಲ್ಲ. ಮೂರನೇ ಮನೆಯ ನಾಯಿ ಇತ್ತು, ಬಾಲ ಸಮೇತ. ಹತ್ತಿ ಕೂರಬಹುದಾದ ಗಿಡ್ಡ ಗೋಡೆ ಇತ್ತು, ಮಳೆ ಬಂದಾಗ ನೀರು ನಿಲ್ಲುವ ಗುಂಡಿ ಇತ್ತು. ಒಂದು ಮೂಲೆಯನ್ನು ಕಪ್ಪಗೆ ಗೀಚಿಟ್ಟಿದ್ದಳು. ಮರುದಿನ ಜೊತೆಗೆ ಹೋಗಿ ನೋಡಿದೆ. ಅಲ್ಲಿ ಬೀದಿದೀಪ ಕೆಟ್ಟು ಎಷ್ಟು ದಿನವಾಗಿತ್ತೋ, ಗೂಡು ಕಟ್ಟಿಕೊಂಡ ಹಕ್ಕಿಗೆ ಆಗಲೇ ಮರಿಯಾಗಿತ್ತು.